ಬಾಗಲಗುಂಟೆಯ ಬಾಗಿನ

ಗೌರಿ ಹಬ್ಬದ ಬೆಳಿಗ್ಗೆ, ಹತ್ತು ಗಂಟೆಯ ಸುಮಾರಿಗೆ, ಹೆಸರಘಟ್ಟ ರಸ್ತೆಯ ಪೊಲೀಸ್ ಠಾಣೆಗೆ ವಯಸ್ಸಾದ ಹೆಂಗಸೊಬ್ಬರು ಏದುಸಿರು ಬಿಡುತ್ತ ಬಂದರು. ಬೆರಳುಗಳಿಗೆ ರಂಗೋಲಿ ಪುಡಿ ಇನ್ನೂ ಅಂಟಿಕೊಂಡಿತ್ತು. ಹೆಸರು ಯಲ್ಲಮ್ಮ. ಬಾಗಲಗುಂಟೆಯ ಅಡ್ಡರಸ್ತೆಯೊಂದರಲ್ಲಿ ಅವರಿಗೆ ಸ್ವಂತ ಮನೆಯಿದೆ. ಅದರ ಹಿಂಭಾಗವನ್ನು ಒಂದು ವರ್ಷದಿಂದ ಚೈತ್ರ ಎಂಬ ಹೆಣ್ಣುಮಗಳಿಗೆ ಬಾಡಿಗೆಗೆ ಕೊಟ್ಟಿದ್ದಾರೆ. ಆ ಚೈತ್ರ ಈಗ ಕಾಣುತ್ತಿಲ್ಲ.

ಹೆಡ್ ಕಾನ್‌ಸ್ಟೆಬಲ್ ಮುನಿಆಂಜಿನಪ್ಪ ಕುರ್ಚಿ ಎಳೆದು ಕೂರಿಸಿದ. "ಹಬ್ಬ ಅಲ್ವೇನಮ್ಮ, ತವರಿಗೆ ಹೋಗಿರ್ತಾಳೆ. ಸಂಜೆ ಒಳಗೆ ಬರ್ತಾಳೆ ಬಿಡಿ."

"ತವರಿಗೆ ಓಗೋಳು ಒಲೆ ಮೇಲೆ ಆಲಿಟ್ಟು ಓಗ್ತಾಳೇನಪ್ಪ? ಆಲು ಉಕ್ಕಿ, ತಳ ಸೀದು, ಮನೆಯೆಲ್ಲ ಒಗೆ. ಚಪ್ಲಿ ಬಾಗ್ಲಲ್ಲೇ ಐತೆ. ಫೋನು ಮಂಚದ ಮೇಲೈತೆ. ಯಾವ ತವರಪ್ಪ ಅದು, ಬರಿಗಾಲಲ್ಲಿ ಓಗೋದು?"

ಇನ್‌ಸ್ಪೆಕ್ಟರ್ ನಂದಿತಾ ತನ್ನ ಕೋಣೆಯಿಂದ ಹೊರಬಂದು ಯಲ್ಲಮ್ಮನ ಎದುರು ಕೂತಳು.

"ಕೊನೇ ಸಲ ಯಾವಾಗ ನೋಡಿದ್ರಿ?"

"ಎಂಟೂವರೇಲಿ. ಮಾರಮ್ಮನ ಗುಡೀಗೆ ಓಗಿ ಬಂದೆ. ಬಂದು ನೋಡಿದ್ರೆ ಇಂಗೆ."

"ಯಾರ ಮೇಲಾದ್ರೂ ಅನುಮಾನ ಇದ್ಯಾ?"

ಯಲ್ಲಮ್ಮ ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಪ್ಲಾಸ್ಟಿಕ್ ಕವರನ್ನು ತೆಗೆದು ಮೇಜಿನ ಮೇಲಿಟ್ಟರು. "ಇದನ್ನ ನನ್ನತ್ರ ಕೊಟ್ಟಿದ್ಲು. ನಂಗೇನಾದ್ರೂ ಆದ್ರೆ ಟೇಸನ್‌ಗೆ ಕೊಡಿ ಅಂದಿದ್ಲು. ನಂಗೆ ಓದಕ್ಕೆ ಬರಲ್ಲ."

ಅದು ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಡಿ ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣಾ ಆದೇಶದ ಪ್ರತಿ. ಕೊಡಿಗೇಹಳ್ಳಿಯ ದಿವಂಗತ ಲಕ್ಕಣ್ಣನವರ ಮಗಳು ಚೈತ್ರಳ ಹತ್ತಿರ ಆಕೆಯ ಗಂಡ ಗಿರಿ ಸುಳಿಯಕೂಡದು, ಫೋನ್ ಮಾಡಕೂಡದು, ಬೇರೆಯವರ ಮೂಲಕವೂ ಪೀಡಿಸಕೂಡದು, ಆಕೆ ಈಗ ಎಲ್ಲಿ ವಾಸಿಸುತ್ತಾಳೆ ಎಂಬುದನ್ನು ಯಾರೂ ಅವನಿಗೆ ತಿಳಿಸಬಾರದು ಎಂದಿತ್ತು. ಆದೇಶದ ಹಿಂದೆ ಆಸ್ಪತ್ರೆಯ ಒಂದು ಚೀಟಿ ಪಿನ್ ಮಾಡಿತ್ತು. ಅದರಲ್ಲಿ ಮುರಿದ ಪಕ್ಕೆಲುಬಿನ ವಿಷಯವಿತ್ತು. ನಂದಿತಾ ಅದನ್ನು ಎರಡು ಸಲ ಓದಿದಳು.

"ಇವತ್ತೊಂದಿನ ನೋಡೋಣ್ವಾ ಮೇಡಂ?" ಎಂದ ಮುನಿಆಂಜಿನಪ್ಪ ಮೆಲ್ಲಗೆ.

ಕಾಣೆಯಾದವರಿಗಾಗಿ ಒಂದು ಹಗಲು ಒಂದು ರಾತ್ರಿ ಕಾಯಬೇಕೆಂಬ ಮಾತು ಜನರ ಬಾಯಲ್ಲಿದೆ. ಕಾನೂನಿನಲ್ಲಿ ಎಲ್ಲೂ ಇಲ್ಲ. "ಬೇಡ. ಎಫ್‌ಐಆರ್ ಹಾಕಿ," ಎಂದಳು ನಂದಿತಾ. ಕೂಡಿಹಾಕುವ ಉದ್ದೇಶದಿಂದ ಮಾಡಿದ ಅಪಹರಣ ಮತ್ತು ರಕ್ಷಣಾ ಆದೇಶದ ಉಲ್ಲಂಘನೆ ಎಂದು ಪ್ರಕರಣ ದಾಖಲಾಯಿತು. ಯಲ್ಲಮ್ಮ ಹೆಬ್ಬೆಟ್ಟು ಒತ್ತಿದರು. ಎಫ್‌ಐಆರ್ ಪ್ರತಿಯನ್ನು ಅವರ ಕೈಗೆ ಕೊಟ್ಟಾಗ, "ಎಷ್ಟು ಕೊಡಬೇಕಮ್ಮ ಇದಕ್ಕೆ?" ಎಂದು ಕೇಳಿದರು.

"ಏನೂ ಇಲ್ಲ. ಇದು ನಿಮ್ಮ ಹಕ್ಕು."

ಯಲ್ಲಮ್ಮ ಅದನ್ನೂ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. ಈ ಕೆಲಸದಲ್ಲಿ ದೂರುಗಳು ತಡವಾಗಿ ಬರುವುದೇ ಹೆಚ್ಚು. ಇಂದಿನ ದೂರು ಸೀದ ಹಾಲಿನ ವಾಸನೆ ಆರುವ ಮೊದಲೇ ಬಂದಿದೆ ಎಂದು ನಂದಿತಾ ಮನಸ್ಸಿನಲ್ಲೇ ಆ ಹೆಂಗಸಿಗೆ ಋಣಿಯಾದಳು.

ಘಟನಾ ಸ್ಥಳದ ಪಂಚನಾಮೆ ಹನ್ನೊಂದು ಗಂಟೆಗೆ ಶುರುವಾಯಿತು. ಎದುರು ಮನೆಯ ಯಜಮಾನರು ಮತ್ತು ಹೂವು ಮಾರುವ ಮುನಿಗಂಗಮ್ಮ ಪಂಚರಾಗಿ ನಿಂತರು. ಕಾನ್‌ಸ್ಟೆಬಲ್ ಅನೀಸಾ ಮೊಬೈಲಿನಲ್ಲಿ ವಿಡಿಯೊ ಮಾಡುತ್ತ, ಕಂಡದ್ದನ್ನೆಲ್ಲ ಜೋರಾಗಿ ಹೇಳುತ್ತ ಹೋದಳು. ಬೀದಿಯ ತುದಿಯಲ್ಲಿ ಗಣೇಶನ ಪೆಂಡಾಲಿನ ಹುಡುಗರು ಮೈಕ್ ಪರೀಕ್ಷಿಸುತ್ತಿದ್ದರು. ಆ ಸದ್ದಿನಲ್ಲಿ ಹೆಣ್ಣೊಬ್ಬಳು ಕೂಗಿಕೊಂಡರೂ ಪಕ್ಕದ ಮನೆಗೆ ಕೇಳುವಂತಿರಲಿಲ್ಲ.

ಬಾಗಿಲಿನ ಚಿಲಕ ಮುರಿದಿರಲಿಲ್ಲ. ಒಳಗಿನ ಸರಪಳಿ ಕಿತ್ತಿರಲಿಲ್ಲ, ಯಾರೋ ಕೈಯಿಂದ ತೆಗೆದದ್ದು. ಹೊಸ್ತಿಲ ಬಳಿ ಹಸಿರು ಗಾಜಿನ ಬಳೆಯ ಚೂರುಗಳು ಬಿದ್ದಿದ್ದವು. ಒಂದು ಚೂರಿನ ಅಂಚಿಗೆ ರಕ್ತ ಒಣಗಿತ್ತು. ಗೋಡೆಯ ಬದಿಗೆ ಅರಿಶಿನ ಬಳಿದ ಎರಡು ಮೊರ, ಒಂದು ಅಂಗಾತ, ಒಂದು ಬೋರಲು. ಸುತ್ತ ಚೆಲ್ಲಿದ್ದ ಅಕ್ಕಿ, ತೊಗರಿಬೇಳೆ, ಬೆಲ್ಲದ ಅಚ್ಚು, ತೆಂಗಿನಕಾಯಿ, ರವಿಕೆ ಕಣ, ಕರಿಮಣಿ, ಬಾಚಣಿಗೆ, ಅಂಗೈಯಗಲದ ಕನ್ನಡಿ.

"ಬಾಗಿನ ಸಿದ್ಧ ಮಾಡ್ತಾ ಇದ್ಲು ಅನ್ಸುತ್ತೆ," ಎಂದಳು ನಂದಿತಾ.

"ಈ ವರ್ಷ ಏನೂ ಮಾಡಲ್ಲ ಯಲ್ಲಮ್ಮಕ್ಕ ಅಂದಿದ್ಲು. ಮನಸು ತಡೀಲಿಲ್ಲೇನೋ ಪಾಪ," ಎಂದರು ಯಲ್ಲಮ್ಮ.

ಅಡ್ಡರಸ್ತೆಯ ಮೂಲೆಯಲ್ಲಿ ಒಂದು ಬೇಕರಿ, ಅದರ ಮೇಲೊಂದು ಕ್ಯಾಮೆರಾ. ಚೈತ್ರಳ ಫೋನಿನಲ್ಲಿದ್ದ ಗಿರಿಯ ಫೋಟೊ ಹಿಡಿದುಕೊಂಡು ಮುನಿಆಂಜಿನಪ್ಪ ಆ ಹೊತ್ತಿನ ದೃಶ್ಯಗಳನ್ನೆಲ್ಲ ನೋಡಿ ಬಂದ. "ಗಿರಿ ಬಂದಿಲ್ಲ ಮೇಡಂ. ಅನುಮಾನ ಬರೋ ಅಂಥೋರು ಯಾರೂ ಕಾಣ್ಲಿಲ್ಲ. ಹಬ್ಬದ ಜನ ಅಷ್ಟೆ."

ಹಾಗಿದ್ದರೂ ಮೊದಲು ಕೇಳಬೇಕಾದವನು ಗಿರಿಯೇ. ಅವನಿಗೆ ಯಶವಂತಪುರದಲ್ಲಿ ಕಾರುಗಳ ಸೀಟ್ ಕವರ್ ಹೊಲಿಯುವ ಅಂಗಡಿಯಿದೆ. ಪೊಲೀಸ್ ಜೀಪು ನಿಂತಾಗ ಅವನು ಅಂಗಡಿಯ ಮುಂದೆ ಮಾವಿನ ತೋರಣ ಕಟ್ಟುತ್ತಿದ್ದ.

"ಬೆಳಿಗ್ಗೆ ಎಂಟು ಗಂಟೆಯಿಂದ ಎಲ್ಲಿದ್ರಿ?"

"ಇಲ್ಲೇ. ಅಂಗಡಿ ತೊಳೆದು ಪೂಜೆ ಮಾಡ್ದೆ. ಕ್ಯಾಮೆರಾ ಇದೆ, ನೋಡ್ಕೊಳ್ಳಿ."

"ಚೈತ್ರ ಎಲ್ಲಿದಾರೆ ಗೊತ್ತಾ?"

"ನಂಗೆ ಹೇಳ್ಬೇಡಿ ಅಂತ ಕೋರ್ಟೇ ಹೇಳಿದ್ಯಲ್ಲ ಮೇಡಂ. ಈಗ ನನ್ನೇ ಕೇಳ್ತೀರಲ್ಲ, ಚೆನ್ನಾಗಿದೆ."

"ಬೆಳಿಗ್ಗೆಯಿಂದ ಕಾಣ್ತಿಲ್ಲ."

ಗಿರಿ ಏಣಿಯಿಂದ ಇಳಿಯಲಿಲ್ಲ. ದಾರದ ಗಂಟು ಬಿಗಿಯುತ್ತಲೇ, "ಹಬ್ಬ ಮುಗೀಲಿ ಬಿಡಿ, ಬರ್ತಾಳೆ," ಎಂದ.

ಅಂಗಡಿಯ ಕ್ಯಾಮೆರಾ ನೋಡಿದರು. ಅವನು ಹೇಳಿದ್ದು ನಿಜ, ಬೆಳಿಗ್ಗೆಯಿಂದ ಅಲ್ಲಿಂದ ಕದಲಿರಲಿಲ್ಲ. ಅವನ ಫೋನಿನ ಕರೆ ವಿವರಕ್ಕೆ ಕೋರಿಕೆ ಕಳುಹಿಸಿ ನಂದಿತಾ ಜೀಪು ಹತ್ತಿದಳು. ಹೆಂಡತಿ ಕಾಣೆಯಾದಳು ಎಂದರೆ ಕೆಟ್ಟ ಗಂಡನಾದರೂ ಒಂದು ಕ್ಷಣ ಬೆಚ್ಚಬೇಕು. ಇವನು ಬೆಚ್ಚಲಿಲ್ಲ. ಇವನು ಮಾಡಿಲ್ಲ, ಆದರೆ ಆಗಿರುವುದು ಇವನಿಗೆ ಗೊತ್ತಿದೆ. ಗೊರಗುಂಟೆಪಾಳ್ಯದ ಸಿಗ್ನಲ್ ದಾಟುವವರೆಗೂ ಅವಳು ಆ ಮಾತನ್ನು ಮಗುಚಿ ಮಗುಚಿ ನೋಡಿದಳು. ಚೈತ್ರ ಬದುಕಿದ್ದಾಳೋ ಇಲ್ಲವೋ ಎಂಬುದು ಮಾತ್ರ ಅದರಿಂದ ತಿಳಿಯುವಂತಿರಲಿಲ್ಲ.

ಠಾಣೆಗೆ ಮರಳಿದಾಗ ಅವಳ ಕೋಣೆಯಲ್ಲಿ, ಅವಳ ಮೇಜಿನ ಎದುರು, ಅವಳ ಅಣ್ಣ ಗೋಪಿ ಕೂತಿದ್ದ. ದೊಡ್ಡಬಳ್ಳಾಪುರದಿಂದ ಬಸ್ಸಿನಲ್ಲಿ ಬಂದಿದ್ದ. ತೊಡೆಯ ಮೇಲೆ ಬಿಳಿ ಪಂಚೆಯಲ್ಲಿ ಸುತ್ತಿದ ಮೊರದ ಜೋಡಿ.

"ಮನೆಗೆ ಹೋದೆ, ಬೀಗ. ಗೌರಿ ಹಬ್ಬದ ದಿನಾನೂ ಕಳ್ಳರನ್ನ ಹಿಡೀಬೇಕೇನೇ ನಂದಿತಾ?"

"ಅಣ್ಣ, ಇಲ್ಲೀ ತನಕ ಯಾರು ಬಿಟ್ರು ನಿನ್ನ? ಯಾರು ಏನು ಅಂತ ಬಾಗಿಲಲ್ಲಿ ಕೇಳ್ಲಿಲ್ವಾ?"

"ಯಾರೂ ಏನೂ ಕೇಳ್ಲಿಲ್ಲ ಕಣೇ. ಗನ್ ಹಿಡ್ಕೊಂಡು ನಿಂತಿದ್ರಲ್ಲ, ಅವ್ರೇ ಬಾಗಿಲು ತೆಗೆದು ಬನ್ನಿ ಸಾರ್ ಅಂದ್ರು."

ಹಿಂದೆ ನಿಂತಿದ್ದ ಮುನಿಆಂಜಿನಪ್ಪ ನಕ್ಕ. "ಗೌರಿ ಹಬ್ಬದ ದಿನ ಮೊರ ಹಿಡ್ಕೊಂಡು ಬಂದೋರನ್ನ ಯಾರ್ ತಡೀತಾರೆ ಮೇಡಂ?"

ನಂದಿತಾ ಕುರ್ಚಿಯ ಬೆನ್ನಿನ ಮೇಲೆ ಇಟ್ಟ ಕೈಯನ್ನು ತೆಗೆಯಲಿಲ್ಲ. ಮದುವೆಯಾದ ಹೆಣ್ಣುಮಗಳಿಗೆ ಗೌರಿ ಹಬ್ಬಕ್ಕೆ ತವರಿಂದ ಬಾಗಿನ ಬರುತ್ತದೆ. ತರುವವನು ಅಣ್ಣ ಇಲ್ಲವೇ ತಮ್ಮ. ಅವನಿಗಾಗಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಸರಪಳಿ ಹಾಕಿಕೊಂಡು ಒಂದು ವರ್ಷ ಬದುಕಿದ ಹೆಣ್ಣು ಕೂಡ ತೆಗೆಯುತ್ತಾಳೆ.

"ಅನೀಸಾ, ಬೆಳಗಿನ ವಿಡಿಯೊ ಹಾಕಿ. ಅಡುಗೆ ಕಟ್ಟೆ."

ಕಟ್ಟೆಯ ಮೇಲೆ ನಾಲ್ಕೇ ಡಬ್ಬಿ ಇದ್ದವು. ಅಕ್ಕಿ, ರಾಗಿಹಿಟ್ಟು, ಸಾರಿನ ಪುಡಿ, ಸಕ್ಕರೆ. ತೊಗರಿಬೇಳೆ ಇರಲಿಲ್ಲ, ಬೆಲ್ಲ ಇರಲಿಲ್ಲ. ಹಬ್ಬದ ಸಂತೆ ಮಾಡಿದ ಚೀಲ ಎಲ್ಲೂ ಕಾಣಲಿಲ್ಲ. ಬಾಗಿನ ಆ ಮನೆಯಲ್ಲಿ ಸಿದ್ಧವಾದದ್ದಲ್ಲ, ಹೊರಗಿನಿಂದ ಬಂದದ್ದು.

"ಮುನಿಆಂಜಿನಪ್ಪನವ್ರೇ, ಬೇಕರಿ ಕ್ಯಾಮೆರಾದಲ್ಲಿ ಮೊರ ಹಿಡಿದವ್ರು ಇದ್ರಾ?"

ಅವನ ನಗು ನಿಂತಿತು. "ಇದ್ರು ಮೇಡಂ. ನಾಕೈದು ಜನ. ಅವ್ರನ್ನ... ಬಿಟ್ಟು ನೋಡ್ದೆ."

"ನಾನೂ ಬಿಟ್ಟೇ ನೋಡ್ತಿದ್ದೆ. ನಡೀರಿ."

"ಬಾಗಿನ?" ಎಂದ ಗೋಪಿ.

"ಇಲ್ಲೇ ಇರಣ್ಣ. ಸಂಜೆ ತಗೋತೀನಿ. ನೀನು ಬಂದಿದ್ದು ಎಷ್ಟು ಒಳ್ಳೇದಾಯ್ತು ಅಂತ ಆಮೇಲೆ ಹೇಳ್ತೀನಿ."

ಬೇಕರಿಯಲ್ಲಿ ಎರಡನೇ ಸಲ ನೋಡಿದಾಗ ಎಲ್ಲ ಸರಳವಾಗಿತ್ತು. ಮೊರ ಹಿಡಿದು ಆ ರಸ್ತೆಗೆ ಹೋದ ಗಂಡಸರೆಲ್ಲ ತಿಂಡಿ ಕಾಫಿ ಮುಗಿಸಿ ನಿಧಾನವಾಗಿ ವಾಪಸು ಬಂದಿದ್ದರು. ಬಿಳಿ ಅಂಗಿ, ಬಿಳಿ ಪಂಚೆಯ ಒಬ್ಬ ಮಾತ್ರ ಒಳಗೆ ಹೋದವನು ನಡೆದು ಹಿಂದಿರುಗಲಿಲ್ಲ. ಅವನ ಬೆನ್ನಿಗೇ ಒಂದು ಬಿಳಿ ಕಾರು ಅಡ್ಡರಸ್ತೆಗೆ ಹಿಮ್ಮುಖವಾಗಿ ಸರಿದು, ಸ್ವಲ್ಪ ಹೊತ್ತಿಗೆ ರಭಸದಿಂದ ಹೊರಬಂದಿತ್ತು. ಆ ಕಾರಿನ ನಂಬರು ಮುಖ್ಯರಸ್ತೆಯ ಕ್ಯಾಮೆರಾದಲ್ಲಿ ಸಿಕ್ಕಿತು. ನೋಂದಣಿ ಅಶ್ವತ್ಥ್ ಎಂಬಾತನ ಹೆಸರಲ್ಲಿತ್ತು. ತಂದೆ ಲಕ್ಕಣ್ಣ, ಕೊಡಿಗೇಹಳ್ಳಿ.

ಚೈತ್ರಳ ಒಡಹುಟ್ಟಿದ ಅಣ್ಣ.

ಸಹಕಾರನಗರದ ಉದ್ಯಾನಗಳನ್ನು ದಾಟಿದರೆ ಕೊಡಿಗೇಹಳ್ಳಿಯ ಹಳೇ ಊರಿನ ಬೀದಿ. ಲಕ್ಕಣ್ಣನವರದು ಒಂದು ಕಾಲಕ್ಕೆ ರಾಗಿ ಬೆಳೆದ ಮನೆತನ. ಈಗ ಅದೇ ಜಾಗದಲ್ಲಿ ನಾಲ್ಕಂತಸ್ತಿನ ಮನೆ, ಕೆಳಗೆ ಅಂಗಡಿಗಳು, ಮುಂದೆ ಆ ಬಿಳಿ ಕಾರು. ಆ ಸರಹದ್ದಿನ ಠಾಣೆಗೆ ವಿಷಯ ತಿಳಿಸಿ, ಅಲ್ಲಿನ ಸಿಬ್ಬಂದಿಯನ್ನೂ ಜತೆಗೆ ಕರೆದುಕೊಂಡು ನಂದಿತಾ ಮೆಟ್ಟಿಲು ಹತ್ತಿದಳು. ಆಗ ಮೂರೂವರೆಯಾಗಿತ್ತು.

ಅಶ್ವತ್ಥ್ ಎದ್ದು ಕೈ ಮುಗಿದ. ಬಿಳಿ ಅಂಗಿ ಹಾಗೆಯೇ ಇತ್ತು. "ಬನ್ನಿ ಮೇಡಂ. ಹಬ್ಬದ ದಿನ ಬಂದಿದೀರಿ, ಒಬ್ಬಟ್ಟು ತಿಂದೇ ಹೋಗ್ಬೇಕು."

"ಬೆಳಿಗ್ಗೆ ಬಾಗಲಗುಂಟೆಗೆ ಯಾಕೆ ಹೋಗಿದ್ರಿ?"

"ಬಾಗಲಗುಂಟೆಗಾ? ನಾನ್ಯಾಕ್ ಹೋಗ್ಲಿ?"

"ನಿಮ್ಮ ಕಾರು ಹೋಗಿತ್ತು."

"ಸೈಟ್ ಹುಡುಗ್ರು ತಗೊಂಡ್ ಹೋಗಿರ್ತಾರೆ. ಹತ್ತು ಕಡೆ ಕೆಲಸ ನಡೀತೈತೆ, ಯಾವ ಕಾರು ಎಲ್ಲಿ ಅಂತ ನಂಗೇ ಗೊತ್ತಾಗಲ್ಲ."

"ತಂಗಿ ಎಲ್ಲಿದಾರೆ?"

ಅವನ ಮುಖ ಸಣ್ಣದಾಯಿತು. "ವರ್ಷ ಆಯ್ತು ಮೇಡಂ ನಮ್ಮನ್ನ ದೂರ ಮಾಡಿ. ಎಲ್ಲಿದಾಳೋ, ಉಂಡ್ಲೋ ಬಿಟ್ಲೋ."

ಮುನಿಆಂಜಿನಪ್ಪನನ್ನು ಅವನ ಪಕ್ಕ ಕೂರಿಸಿ ನಂದಿತಾ ಅನೀಸಾಳೊಂದಿಗೆ ಅಡುಗೆಮನೆಗೆ ಹೋದಳು. ಅಶ್ವತ್ಥನ ತಾಯಿ ಕೃಷ್ಣಮ್ಮ ಒಲೆಯ ಮುಂದೆ ನಿಂತು ಒಬ್ಬಟ್ಟು ಮಗುಚುತ್ತಿದ್ದರು. ತಿರುಗಿ ನೋಡಲಿಲ್ಲ. ತೀರ ಸಣ್ಣ ದನಿಯಲ್ಲಿ ಅವರೇ ಕೇಳಿದರು.

"ಬಳೆ ಸರಿಹೋಯ್ತಾ ತಾಯಿ ಅವಳಿಗೆ?"

ಅನೀಸಾ ನಂದಿತಾಳ ಮುಖ ನೋಡಿದಳು.

"ತುಂಬ ಬಡವಾಗಿದೀನಿ ಅಂದಿದ್ಲು ಫೋನಲ್ಲಿ. ಹಳೇ ಅಳತೇದು ಜಾರಿ ಹೋಯ್ತದೆ ಅಂತ ಚಿಕ್ಕದೇ ತಗೊಂಡಿದ್ದೆ."

"ಒಡೆದು ಬಿದ್ದಿದ್ವಮ್ಮ," ಎಂದಳು ನಂದಿತಾ. "ಹೊಸ್ತಿಲ ಹತ್ರ. ಚೂರಿಗೆ ರಕ್ತ ಅಂಟಿತ್ತು."

ಕೃಷ್ಣಮ್ಮನ ಕೈಯಲ್ಲಿದ್ದ ಸಟ್ಟುಗ ಹಾಗೇ ನಿಂತಿತು. ಒಬ್ಬಟ್ಟಿನ ಅಂಚು ಕಪ್ಪಾಗತೊಡಗಿತು. ಅನೀಸಾ ಮುಂದೆ ಹೋಗಿ ಒಲೆ ಆರಿಸಿದಳು.

"ವರ್ಷದಿಂದ ನಂಗೊಬ್ಬಳಿಗೇ ಗೊತ್ತಿತ್ತು ಅವಳೆಲ್ಲಿದಾಳೆ ಅಂತ. ಸತ್ರೂ ಹೇಳ್ಬಾರ್ದು ಅಂತಿದ್ದೆ. ಓದ ವರ್ಷ ಬಾಗಿನ ಕೊಡಕ್ಕಾಗ್ಲಿಲ್ಲ. ಮಗಳಿರೋ ತಾಯಿ ಮೊರ ಕಟ್ಟದೆ ಎಂಗಮ್ಮ ಅಬ್ಬ ಮಾಡೋದು? ಇವನೇ ಬಂದು, ಜಗಳ ಸಾಕಮ್ಮ, ಈ ಸಲ ನಾನೇ ಕೊಟ್ಟು ಬರ್ತೀನಿ ಅಂದ. ಅಣ್ಣ ತಂಗಿಗೆ ಬಾಗಿನ ಕೊಡ್ತೀನಿ ಅಂದ್ರೆ ಬ್ಯಾಡ ಅಂತೀನಾ? ಮನೆ ಎಲ್ಲೈತೆ ಅಂತ ಏಳ್ಬುಟ್ಟೆ."

"ಈಗ ಎಲ್ಲಿದಾರೆ?"

ಕೃಷ್ಣಮ್ಮ ಬಾಗಿಲ ಕಡೆ ನೋಡಿದರು. ಹೊರಗೆ ಮಗನ ಮಾತು ಕೇಳುತ್ತಿತ್ತು. ಮುನಿಆಂಜಿನಪ್ಪನಿಗೆ ಕಾಫಿ ತರಿಸುತ್ತಿದ್ದ.

"ಅವನು ನನ್ನ ಮಗ."

"ಗೊತ್ತಮ್ಮ."

ಚೈತ್ರಳ ಬದುಕು ಈ ಹೆಂಗಸಿನ ಬಾಯಿಯ ಮೇಲೆ ನಿಂತಿತ್ತು. ಒತ್ತಾಯ ಮಾಡಿದರೆ ಬಾಯಿ ಮುಚ್ಚಿಹೋಗುತ್ತದೆಂದು ನಂದಿತಾಳಿಗೆ ಗೊತ್ತಿತ್ತು.

"ಮಧ್ಯಾಹ್ನ ಕ್ಯಾರಿಯರ್‌ಗೆ ಒಬ್ಬಟ್ಟು ಆಕಿಸ್ಕೊಂಡು ಓದ," ಎಂದರು ಕೃಷ್ಣಮ್ಮ ಕೊನೆಗೆ. "ಸೈಟಿನ ವಾಚ್‌ಮನ್ನಿಗೆ ಅಂದ. ತುಪ್ಪ ಆಕ್ಲಾ ಅಂದೆ. ಬ್ಯಾಡ, ಕಾಯಿಹಾಲು ಆಕು ಅಂದ. ನಮ್ಮನೇಲಿ ಕಾಯಿಹಾಲು ಆಕ್ಕೊಂಡು ತಿನ್ನೋಳು ಅವಳೊಬ್ಬಳೇ. ಅನುಮಾನ ಬಂತು. ಆದ್ರೂ ಬಾಯ್ ಮುಚ್ಕೊಂಡು ಕಟ್ಟಿಕೊಟ್ಟೆ." ಸೆರಗಿನಿಂದ ಮುಖ ಒರೆಸಿಕೊಂಡರು. "ಯಲಹಂಕದಾಚೆ ಒಸಾ ಬಿಲ್ಡಿಂಗು. ಗಿರಾಕಿಗಳಿಗೆ ತೋರ್ಸಕ್ಕೆ ಅಂತ ಮೇಲೊಂದು ಮನೆ ರೆಡಿ ಮಾಡವ್ನೆ. ಬೇಗ ಓಗಮ್ಮ."

ನಂದಿತಾ ಆ ಹಿಟ್ಟು ಮೆತ್ತಿದ ಕೈಗಳನ್ನು ಒಮ್ಮೆ ಹಿಡಿದು ಬಿಟ್ಟಳು.

ಹೆಬ್ಬಾಳದ ಮೇಲ್ಸೇತುವೆಯ ಕಡೆಯಿಂದ ಬರುವ ಹಬ್ಬದ ದಟ್ಟಣೆಯನ್ನು ಸೀಳಿಕೊಂಡು ಜೀಪು ಯಲಹಂಕ ದಾಟುವಾಗ ಬಿಸಿಲು ಇಳಿದಿತ್ತು. ಸಾರವೆ ಇನ್ನೂ ಬಿಚ್ಚಿರದ ಕಟ್ಟಡ. ವಾಚ್‌ಮನ್ ಮುಕ್ತಾರ್ ಗೇಟಿನಲ್ಲೇ ಕೈ ಮುಗಿದ. "ನಂಗೇನೂ ಗೊತ್ತಿಲ್ಲ ಮೇಡಂ. ತಂಗೀಗೆ ತಲೆ ಸರಿ ಇಲ್ಲ, ರೆಸ್ಟ್ ಬೇಕು ಅಂದ್ರು ಸಾಹೇಬ್ರು. ಬೀಗ ಅವ್ರೇ ಹಾಕ್ಕೊಂಡು ಹೋದ್ರು."

ಪಂಚರ ಮುಂದೆ ಬೀಗ ಒಡೆಸಿದರು. ಒಳಗೆ ಹೊಚ್ಚಹೊಸ ಸೋಫಾ, ಗೋಡೆಗೆ ಹೊಸ ಬಣ್ಣ, ಕಿಟಕಿಗೆ ಹೊಸ ಪರದೆ. ನೆಲದ ಮೇಲೆ, ಮೂಲೆಗೆ ಬೆನ್ನು ಕೊಟ್ಟು ಚೈತ್ರ ಕೂತಿದ್ದಳು. ಎಡ ಮಣಿಕಟ್ಟಿಗೆ ತನ್ನ ದುಪಟ್ಟಾದ ಅಂಚು ಸುತ್ತಿಕೊಂಡಿದ್ದಳು. ಕೆನ್ನೆ ಊದಿತ್ತು. ಸಮವಸ್ತ್ರದ ಇಬ್ಬರು ಹೆಂಗಸರನ್ನು ಕಂಡ ಮೇಲೆ ಅವಳು ಆಡಿದ ಮೊದಲ ಮಾತು, "ಸೈನ್ ಮಾಡಿಲ್ಲ ಮೇಡಂ."

ಟೀಪಾಯಿಯ ಮೇಲೆ ಹಕ್ಕು ಬಿಡುಗಡೆ ಪತ್ರವಿತ್ತು, ಅದರ ಮೇಲೆ ಪೆನ್ನು. ಪಕ್ಕದಲ್ಲಿ ಮುಚ್ಚಳ ತೆರೆಯದ ಕ್ಯಾರಿಯರ್.

ಅನೀಸಾ ನೀರು ಕುಡಿಸಿದಳು. ನಂದಿತಾ ನೆಲದ ಮೇಲೆಯೇ ಕೂತು ಹೇಳಿಕೆ ಬರೆದುಕೊಂಡಳು. ಬಾಗಿಲು ಬಡಿದ ಸದ್ದಿಗೆ ಚೈತ್ರ ಕಿಂಡಿಯಿಂದ ನೋಡಿದ್ದಳು, ಮೊರ ಕಂಡಿತ್ತು, ಮೊರದ ಹಿಂದೆ ಅಣ್ಣನ ಮುಖ. ಸರಪಳಿ ತೆಗೆದಳು. ಅವನೇ ಬಳೆ ತೊಡಿಸಿದ. ಹಾಲು ಒಲೆಗಿಟ್ಟು ಕಾಫಿ ಮಾಡುತ್ತೇನೆ ಎಂದಳು. ಆಗ ಅವನು ಮನೆಗೆ ನಡಿ ಎಂದ. ಒಲ್ಲೆ ಎಂದಾಗ ಕೆನ್ನೆಗೆ ಹೊಡೆದು, ತಾನೇ ಬಳೆ ತೊಡಿಸಿದ ಆ ಕೈ ಹಿಡಿದು ಎಳೆದ. ಕಾರನ್ನು ಸೈಟಿನ ಡ್ರೈವರ್ ತಂದು ನಿಲ್ಲಿಸಿದ್ದ.

"ಅಪ್ಪನ ಜಮೀನಲ್ಲಿ ನಂಗೂ ಸಮ ಪಾಲಿದೆ ಅಂತ ಲಾಯರ್ ಹೇಳಿದ್ರು. ಉಚಿತ ಕಾನೂನು ನೆರವಿನ ಲಾಯರ್. ಹಾಗಾದ್ರೆ ಗಂಡನ ಮನೇನೂ ಬೇಡ, ಯಾರ ಹಂಗೂ ಬೇಡ, ನಂದೇ ಒಂದು ಸೂರು ಮಾಡ್ಕೊಳ್ಳೋಣ ಅಂತ ಕೇಸ್ ಹಾಕ್ದೆ. ನಾಳೆ ಗಣೇಶ, ರಜೆ. ನಾಡಿದ್ದು ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಸೈನ್ ಹಾಕು, ಆಮೇಲೆ ಗಿರಿ ಬಂದು ಕರ್ಕೊಂಡ್ ಹೋಗ್ತಾನೆ ಅಂದ ಅಣ್ಣ." ಅವಳು ಪಕ್ಕೆಯ ಮೇಲೆ ಕೈಯಿಟ್ಟುಕೊಂಡಳು. "ಗಿರಿ ಈ ಸಲ ನನ್ನ ಉಳಿಸ್ತಿರ್ಲಿಲ್ಲ ಮೇಡಂ."

ಗಿರಿಯ ಏಣಿಯ ಮೇಲಿನ ಮಾತಿಗೆ ಈಗ ಅರ್ಥ ಸಿಕ್ಕಿತು.

"ನಾನಿಲ್ಲ ಅಂತ ನಿಮ್ಗೆ ಯಾರು ಹೇಳಿದ್ದು?" ಎಂದು ಕೇಳಿದಳು ಚೈತ್ರ.

"ಯಲ್ಲಮ್ಮನವ್ರು. ರಂಗೋಲಿ ಅರ್ಧಕ್ಕೇ ಬಿಟ್ಟು ಓಡಿ ಬಂದ್ರು. ಇಲ್ಲಿದೀರಿ ಅಂತ ಹೇಳಿದ್ದು ನಿಮ್ಮ ಅಮ್ಮ."

ಅಷ್ಟು ಹೊತ್ತು ಕಲ್ಲಿನಂತಿದ್ದ ಚೈತ್ರ ಆಗ ಅತ್ತಳು. ಅತ್ತು, ಮೂಗು ಒರೆಸಿಕೊಂಡು, ಕ್ಯಾರಿಯರನ್ನು ತನ್ನ ಹತ್ತಿರ ಎಳೆದುಕೊಂಡಳು. "ಇದು ಅಮ್ಮ ಮಾಡಿದ್ದಲ್ವಾ?" ಎಂದಳು. ಮುಚ್ಚಳ ತೆಗೆಯಲು ಅವಳ ಒಂದು ಕೈಗೆ ಆಗಲಿಲ್ಲ, ಅನೀಸಾ ತೆಗೆದುಕೊಟ್ಟಳು. ಆದರೆ ಕ್ಯಾರಿಯರ್ ಸಾಕ್ಷ್ಯದ ವಸ್ತು. ನಂದಿತಾ ಫೋಟೊ ತೆಗೆಸಿ, ಪಂಚನಾಮೆಯಲ್ಲಿ ಬರೆಸಿ, "ಡಬ್ಬಿ ಮಾತ್ರ ಜಪ್ತಿ," ಎಂದಳು. "ಒಬ್ಬಟ್ಟು ತಿನ್ನಿ."

ಆರೂವರೆಗೆ ಕೊಡಿಗೇಹಳ್ಳಿಯಲ್ಲಿ ಅಶ್ವತ್ಥನ ಬಂಧನವಾಯಿತು. ಕಾರಣಗಳನ್ನು ಬರಹದಲ್ಲಿ ಕೊಟ್ಟು, ಓದಿ ಹೇಳಿ, ಅವನ ಹೆಂಡತಿಗೆ ತಿಳಿಸಿ ಸಹಿ ಪಡೆದರು. ಮೆಟ್ಟಿಲು ಇಳಿಯುವಾಗ ಅವನು ತಾಯಿಯ ಕಡೆ ತಿರುಗಿ ನೋಡಿದ. ಕೃಷ್ಣಮ್ಮ ಮುಖ ತಿರುಗಿಸಿಕೊಳ್ಳಲಿಲ್ಲ. ಇನ್ನೊಂದು ತಂಡ ಯಶವಂತಪುರದಲ್ಲಿ ಗಿರಿಯನ್ನು ಹಿಡಿಯಿತು. ಹಿಂದಿನ ದಿನ ಇಬ್ಬರೂ ಹಲವು ಸಲ ಮಾತಾಡಿದ್ದು ಮುಂದೆ ಕರೆ ವಿವರದಲ್ಲಿ ಸಾಬೀತಾಯಿತು. ಕಾರು ಓಡಿಸಿದ ಡ್ರೈವರ್ ಮಾರನೆಯ ದಿನ ತಾನೇ ಬಂದು ಶರಣಾದ.

ಠಾಣೆಯಲ್ಲಿ ಅಶ್ವತ್ಥ್ ಏನನ್ನೂ ಅಲ್ಲಗಳೆಯಲಿಲ್ಲ. ಅವನಿಗೆ ಅರ್ಥವಾಗದಿದ್ದದ್ದು ಒಂದೇ.

"ಚಿಕ್ಕೋಳಿದ್ದಾಗಿಂದ ಎತ್ತಿ ಆಡ್ಸಿದೀನಿ ಮೇಡಂ. ಮದುವೆ ನಾನೇ ಮಾಡ್ದೆ. ಗಿರಿ ಹೊಡ್ದ ಅಂದಾಗೆಲ್ಲ ಹೋಗಿ ಬೈದು, ಸಮಾಧಾನ ಮಾಡಿ ಬಿಟ್ಟು ಬಂದೆ. ಯಾವ ಗೌರಿ ಹಬ್ಬಕ್ಕೂ ಕೈ ಖಾಲಿ ಹೋಗಿಲ್ಲ. ಒಂದ್ ಮಾತು ಅಣ್ಣ ಅಂತ ಬಂದು ಕೇಳಿದ್ರೆ ಕೊಡ್ತಿರ್ಲಿಲ್ವಾ? ಕೋರ್ಟ್ ನೋಟಿಸ್ ಕಳಿಸ್ತಾಳೆ. ನಂಗೆ!"

"ಅವ್ರು ಕೇಳಿದ್ದು ನಿಮ್ಮದನ್ನಲ್ಲ," ಎಂದಳು ನಂದಿತಾ.

ಅವನು ತಲೆಯೆತ್ತಿ ನೋಡಿದ. ಮುಖದಲ್ಲಿ ಸಿಟ್ಟಿಗಿಂತ ಗಲಿಬಿಲಿ ಹೆಚ್ಚಿತ್ತು. ಹುಟ್ಟಿದಾಗಿನಿಂದ ಅವನು ಕೊಡುವವನು. ಮೊರ ಕೊಟ್ಟ, ಸೀರೆ ಕೊಟ್ಟ, ಬುದ್ಧಿ ಕೊಟ್ಟ, ಕೊನೆಗೆ ಕೂಡಿಹಾಕಿದ ಮನೆಗೂ ಕಾಯಿಹಾಲಿನ ಒಬ್ಬಟ್ಟು ಹೊತ್ತು ತಂದ. ತಾನು ಕೊಡದೆಯೇ ತಂಗಿಗೆ ಸೇರಬೇಕಾದದ್ದು ಒಂದಿದೆ ಎಂಬುದು ಅವನಿಗೆ ಅವಮಾನವಾಗಿ ಕಂಡಿತ್ತು. ಆಸೆಗಿಂತ ಆ ಅವಮಾನವೇ ಅವನ ಕೈ ನಡೆಸಿತ್ತು. ನಂದಿತಾ ಹೇಳಿಕೆಯ ಕೆಳಗೆ ಸಹಿ ಮಾಡಿ ಪೆನ್ನಿನ ಕ್ಯಾಪು ಹಾಕಿದಳು.

ಹೊರಗೆ ಬೆಂಚಿನ ಮೇಲೆ ಗೋಪಿ ಮೊರವನ್ನು ತಬ್ಬಿಕೊಂಡು ತೂಕಡಿಸುತ್ತಿದ್ದ. ಮೂರು ವರ್ಷದ ಹಿಂದೆ ಅಪ್ಪನ ಜಮೀನು ಭಾಗವಾದಾಗ, ಸರ್ವೆಯವರು ಬಂದ ದಿನ ಅವನೇ ಫೋನ್ ಮಾಡಿ, "ನಿನ್ನ ಭಾಗದ ಕಲ್ಲು ನೀನೇ ಬಂದು ನೆಡಿಸ್ಕೋ, ಆಮೇಲೆ ನನ್ನ ಬೈಬೇಡ," ಎಂದಿದ್ದ. ಅದನ್ನು ಅವಳು ಇವತ್ತಿನವರೆಗೂ ದೊಡ್ಡ ಸಂಗತಿ ಎಂದುಕೊಂಡಿರಲಿಲ್ಲ.

"ಏಳಣ್ಣ. ಕೊಡು ಈಗ."

"ಸೆರಗೇ ಇಲ್ವಲ್ಲೇ ನಿಂಗೆ, ಹೆಂಗೆ ತಗೋತೀಯ?" ಎಂದ ಅವನು ಕಣ್ಣುಜ್ಜುತ್ತ. ಅನೀಸಾ ತನ್ನ ಚೀಲದಿಂದ ದುಪಟ್ಟಾ ತೆಗೆದು ನಂದಿತಾಳ ಖಾಕಿಯ ಹೆಗಲ ಮೇಲೆ ಹಾಕಿದಳು. ಮುನಿಆಂಜಿನಪ್ಪ ಟೋಪಿ ತೆಗೆದು ನಿಂತ.

ಪಿತೃಪಕ್ಷ ಕಳೆದು ನವರಾತ್ರಿ ಬಂತು. ಚೈತ್ರ ಮ್ಯಾಜಿಸ್ಟ್ರೇಟರ ಮುಂದೆ ಹೇಳಿಕೆ ಕೊಟ್ಟಿದ್ದಳು, ಕೃಷ್ಣಮ್ಮನೂ ಕೊಟ್ಟಿದ್ದರು. ರಕ್ಷಣಾ ಆದೇಶದಲ್ಲಿ ಈಗ ಅಣ್ಣನ ಹೆಸರೂ ಸೇರಿತ್ತು. ದೋಷಾರೋಪ ಪಟ್ಟಿ ಸಲ್ಲಿಕೆಯಾದದ್ದನ್ನು ದೂರುದಾರರಿಗೆ ತಿಳಿಸಲು ನಂದಿತಾ ಬಾಗಲಗುಂಟೆಗೆ ಹೋದಳು.

ಯಲ್ಲಮ್ಮನ ಜಗಲಿಯ ಮೇಲೆ ಕೃಷ್ಣಮ್ಮ ಹೂವು ಕಟ್ಟುತ್ತಿದ್ದರು. ವಾರಕ್ಕೊಮ್ಮೆ ಬಸ್ಸಿನಲ್ಲಿ ಬಂದು ಹೋಗುತ್ತಾರಂತೆ. ಒಳಗೆ ದೇವರ ಪಟದ ಪಕ್ಕದಲ್ಲಿ ಎಫ್‌ಐಆರ್ ಪ್ರತಿಯನ್ನು ಪ್ಲಾಸ್ಟಿಕ್ ಕವರಿನ ಸಮೇತ ಮೊಳೆಗೆ ನೇತುಹಾಕಿತ್ತು. ಅದರ ಕೆಳಗೆ ವಾದ ನಡೆಯುತ್ತಿತ್ತು. ಚೈತ್ರಳ ಕೈಯಲ್ಲಿ ಹೊಸ ಮೊರದ ಜೋಡಿ. ಹಳೆಯದು ಇನ್ನೂ ನ್ಯಾಯಾಲಯದ ವಶದಲ್ಲಿತ್ತು.

"ನಾನು ತಗೊಳಂಗಿಲ್ಲ ಕಣವ್ವ," ಎನ್ನುತ್ತಿದ್ದರು ಯಲ್ಲಮ್ಮ ಹಿಂದೆ ಸರಿದು. "ಗಂಡ ಸತ್ತು ಎಷ್ಟೋ ವರ್ಷ ಆಯ್ತು. ಮುತ್ತೈದೇರಿಗೆ ಕೊಡೋದು ಇದು. ಜನ ಏನಂತಾರೆ?"

"ಅವತ್ತು ಸ್ಟೇಷನ್ನಿಗೆ ಓಡಿದ್ರಲ್ಲ, ಯಾವ ಜನಾನ ಕೇಳಿ ಓಡಿದ್ರಿ ಯಲ್ಲಮ್ಮಕ್ಕ?"

"ಅದು ಬ್ಯಾರೆ. ಮೇಡಮ್ಮೋರೇ, ನೀವಾದ್ರೂ ಏಳಿ ಇವಳಿಗೆ."

"ನಾನೇನ್ ಹೇಳ್ಲಿ ಅಮ್ಮ," ಎಂದಳು ನಂದಿತಾ. "ಬೇಡ ಅನ್ನೋಕೆ ಯಾವ ಕಾನೂನೂ ಇಲ್ಲ."

ಕೃಷ್ಣಮ್ಮ ಹೂವು ಕೆಳಗಿಟ್ಟು ಎದ್ದು ಬಂದರು. ಯಲ್ಲಮ್ಮನ ಸೆರಗನ್ನು ತಾವೇ ಹಿಡಿದು, ಅವರ ಎರಡೂ ಕೈಗಳ ಮೇಲೆ ಹೊದಿಸಿದರು. ಚೈತ್ರ ಮೊರವನ್ನು ಮುಂದೆ ಚಾಚಿದಳು. ಅವಳ ಎಡ ಮಣಿಕಟ್ಟಿನಲ್ಲಿ ಗಾಯದ ಗೆರೆ, ಅದರ ಮೇಲೆ ಹೊಸ ಹಸಿರು ಬಳೆ, ಸರಿಯಾದ ಅಳತೆಯದು.

ಒಂದು ಗಳಿಗೆ ಇಬ್ಬರ ಕೈಯೂ ಮೊರದ ಅಂಚಿನ ಮೇಲಿತ್ತು. ಆಮೇಲೆ ಯಲ್ಲಮ್ಮ ಅದನ್ನು ಎದೆಗೆ ಒತ್ತಿಕೊಂಡು, "ಭಾರ ಐತಲ್ಲೇ," ಎಂದರು.